ಡಬ್ಬ ಒರಿಜಿನಲ್ಲೇ, ಒಳಗಿನ ಮಾಲು?

ಕಾರಿನ ಬಿಡಿಭಾಗ ಕೈಗೆ ಬಂದಾಗ ಎಲ್ಲರೂ ಮೊದಲು ನೋಡುವುದು ಡಬ್ಬವನ್ನು. ನಕಲಿ ಮಾಡುವವನಿಗೆ ಅತಿ ಸುಲಭದ ಕೆಲಸವೂ ಅದೇ. ಬಣ್ಣದ ರಟ್ಟು, ಮಿನುಗುವ ಹೋಲೋಗ್ರಾಂ ಚೀಟಿ, ಬಾರ್‌ಕೋಡ್ ಎಲ್ಲವೂ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮುಗಿಯುತ್ತವೆ. ಎರಕ, ರಬ್ಬರು, ಸ್ಪ್ರಿಂಗಿನ ಉಕ್ಕು ಹಾಗೆ ಪ್ರೆಸ್ಸಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಡಬ್ಬಕ್ಕೆ ಎರಡು ನಿಮಿಷ ಕೊಟ್ಟು, ಉಳಿದ ಹೊತ್ತನ್ನು ಒಳಗಿನ ಮಾಲಿಗೆ ಕೊಡಬೇಕು.

ಅದಕ್ಕೂ ಮೊದಲು ಕೌಂಟರಿನ ಭಾಷೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಾಗಲಿ ನಿಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಾಗಲಿ 'ಒರಿಜಿನಲ್', 'ಓಇಎಂ', 'ಲೋಕಲ್' ಎಂಬ ಮೂರು ಮಾತು ಕೇಳುತ್ತೀರಿ. ಕಾರು ಕಂಪನಿಗಳು ಫಿಲ್ಟರ್, ಬ್ರೇಕ್ ಪ್ಯಾಡ್, ಬೇರಿಂಗುಗಳನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ, ಬೇರೆಯವರಿಂದ ಮಾಡಿಸಿಕೊಳ್ಳುತ್ತವೆ. ಅದು ಕಾರು ಕಂಪನಿಯ ಡಬ್ಬದಲ್ಲಿ ಬಂದರೆ ಒರಿಜಿನಲ್. ಮಾಡಿದವರೇ ತಮ್ಮ ಹೆಸರಿನ ಡಬ್ಬದಲ್ಲಿ ಮಾರಿದರೆ ಅಂಗಡಿಯವರು ಓಇಎಂ ಅನ್ನುತ್ತಾರೆ. ಕಾರ್ಖಾನೆಗೆ ಎಂದೂ ಪೂರೈಸದ ಕಂಪನಿ ತನ್ನದೇ ಹೆಸರಲ್ಲಿ ಮಾಡಿದ್ದು ಲೋಕಲ್, ಅಂದರೆ ಆಫ್ಟರ್‌ಮಾರ್ಕೆಟ್. ಈ ಮೂರರಲ್ಲೂ ಮೋಸವಿಲ್ಲ. ಒಳ್ಳೆಯ ಹೆಸರಿನ ಲೋಕಲ್ ಏರ್ ಫಿಲ್ಟರ್ ಹಾಕಿಸಿ ನೆಮ್ಮದಿಯಿಂದ ಓಡಿಸಬಹುದು. ಮೋಸವಿರುವುದು ಮೂರನೆಯದನ್ನೋ, ಹೆಸರೇ ಇಲ್ಲದ್ದನ್ನೋ ಮೊದಲನೆಯದರ ಡಬ್ಬಕ್ಕೆ ತುಂಬುವುದರಲ್ಲಿ.

ಇಲ್ಲೊಂದು ಗೊಂದಲ ಆಗಾಗ ಆಗುತ್ತದೆ. ಜರ್ಮನ್ ಕಾರುಗಳ ಸಸ್ಪೆನ್ಷನ್ ಭಾಗಗಳಲ್ಲಿ ತಯಾರಕನ ಡಬ್ಬದಿಂದ ತೆಗೆದ ಮಾಲಿನ ಮೇಲೆ ಕಾರು ಕಂಪನಿಯ ಲಾಂಛನ ಉಜ್ಜಿ ಅಳಿಸಿದ ಗುರುತು ಇರುತ್ತದೆ. ಒಂದೇ ಅಚ್ಚಿನಿಂದ ಬಂದ ಭಾಗವನ್ನು ತಯಾರಕ ತನ್ನ ಹೆಸರಲ್ಲಿ ಮಾರುವಾಗ ಬೇರೆಯವರ ಲಾಂಛನ ಬಿಡುವಂತಿಲ್ಲ, ಅದಕ್ಕೆ ಉಜ್ಜುತ್ತಾನೆ. ಅದು ಸರಿ. ಕಾರು ಕಂಪನಿಯ ಡಬ್ಬದೊಳಗಿನ ಭಾಗದ ಮೇಲೆ ಹೆಸರು ಉಜ್ಜಿದ ಗುರುತು ಇದ್ದರೆ ಮಾತ್ರ ಅದನ್ನು ಕೌಂಟರಿನ ಮೇಲೇ ಬಿಟ್ಟು ಬನ್ನಿ. ಮೊಬೈಲ್ ಟಾರ್ಚನ್ನು ನೇರವಾಗಿ ಬಿಡದೆ ಮೇಲ್ಮೈಗೆ ಓರೆಯಾಗಿ ಹಿಡಿದರೆ ಗ್ರೈಂಡರಿನ ಗೀರು, ಮೇಲೆ ಬಳಿದ ಬಣ್ಣದ ಅಂಚು ಎದ್ದು ಕಾಣುತ್ತವೆ.

ಈಗ ಡಬ್ಬದ ಮೇಲಿನ ಪಾರ್ಟ್ ನಂಬರ್. ಇದರಲ್ಲೊಂದು ವ್ಯಾಕರಣವಿದೆ. ಸುಜುಕಿ, ಹ್ಯುಂಡೈ, ಟೊಯೋಟಾ, ಹೋಂಡಾ ನಾಲ್ಕರಲ್ಲೂ ಮೊದಲ ಐದು ಅಂಕಿ 'ಇದು ಯಾವ ಭಾಗ' ಎಂದು ಹೇಳುತ್ತವೆ, ನಂತರದ್ದು 'ಯಾವ ಮಾಡೆಲ್ಲಿಗೆ' ಎಂದು. ಮಾರುತಿಯಲ್ಲಿ ಆಯಿಲ್ ಫಿಲ್ಟರ್ 16510, ಏರ್ ಫಿಲ್ಟರ್ 13780. ಹ್ಯುಂಡೈನಲ್ಲಿ ಆಯಿಲ್ ಫಿಲ್ಟರ್ 26300, ಏರ್ ಫಿಲ್ಟರ್ 28113, ಮುಂದಿನ ಬ್ರೇಕ್ ಪ್ಯಾಡ್ 58101, ಎಸಿಯ ಕ್ಯಾಬಿನ್ ಫಿಲ್ಟರ್ 97133. ಟೊಯೋಟಾದ ಮುಂದಿನ ಪ್ಯಾಡ್ 04465, ಹಿಂದಿನದು 04466. ಹೋಂಡಾದ ಆಯಿಲ್ ಫಿಲ್ಟರ್ 15400. ಹ್ಯುಂಡೈ ಡಬ್ಬದಲ್ಲಿ ಬಂದ ಮುಂದಿನ ಪ್ಯಾಡಿನ ಚೀಟಿ 58302 ಎಂದು ಶುರುವಾದರೆ, ಅದು ಹಿಂದಿನ ಪ್ಯಾಡಿನ ಡಬ್ಬ. ಯಾರೋ ಸಿಕ್ಕಿದ ಡಬ್ಬಕ್ಕೆ ಸಿಕ್ಕಿದ ಮಾಲು ತುಂಬಿದ್ದಾರೆ.

ಕೊನೆಯ ಒಂದೆರಡು ಅಂಕಿ ಬೇರೆಯಾಗಿದ್ದರೆ ಗಾಬರಿ ಬೇಡ. ಕಂಪನಿಗಳು ಭಾಗವನ್ನು ಸುಧಾರಿಸಿದಾಗ ನಂಬರ್ ಬದಲಿಸುತ್ತವೆ: ಹ್ಯುಂಡೈನ 26300-35503 ಮುಂದೆ 35504, 35505 ಆದ ಹಾಗೆ. ಆಥರೈಸ್ಡ್ ಸರ್ವಿಸ್ ಸೆಂಟರಿನ ಪಾರ್ಟ್ಸ್ ಕೌಂಟರಿಗೆ ಫೋನ್ ಮಾಡಿ ಕಾರಿನ ಚಾಸಿ ನಂಬರ್ ಹೇಳಿದರೆ, ಈಗ ನಡೆಯುತ್ತಿರುವ ನಂಬರ್ ಮತ್ತು ಎಂಆರ್‌ಪಿ ಎರಡನ್ನೂ ಹೇಳುತ್ತಾರೆ. ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಇದೊಂದೇ, ಹೆಚ್ಚಿನವರು ಮಾಡದೆ ಹೋಗುವುದೂ ಇದನ್ನೇ.

ಬೆಲೆಯ ಚೀಟಿಯಲ್ಲಿ ತಯಾರಕ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ಪ್ರಮಾಣ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಬೇಕು. ಆಮದಾದರೆ ದೇಶದ ಹೆಸರೂ. 2011ರ ಪ್ಯಾಕೇಜ್ ನಿಯಮಗಳು ಹೇಳುವುದು ಇದನ್ನೇ. 2025ರ ಸೆಪ್ಟೆಂಬರ್ 22ರಿಂದ ಶೇ 28ರ ಜಿಎಸ್‌ಟಿಯಲ್ಲಿದ್ದ ಬಿಡಿಭಾಗಗಳು ಶೇ 18ಕ್ಕೆ ಇಳಿದವು. ಹಳೆ ದಾಸ್ತಾನಿನ ಮೇಲೆ ಹೊಸ ಬೆಲೆಯ ಚೀಟಿ ಹಚ್ಚಲು ಸರ್ಕಾರವೇ ಅವಕಾಶ ಕೊಟ್ಟಿತ್ತು. ಹಾಗಾಗಿ ಎರಡು ಚೀಟಿ ಕಂಡ ತಕ್ಷಣ ನಕಲಿ ಅನ್ನಬೇಡಿ. ಲೆಕ್ಕ ಹಾಕಿ: 1,280 ರೂಪಾಯಿ ಇದ್ದದ್ದು ತೆರಿಗೆ ಇಳಿದ ಮೇಲೆ 1,180 ಆಗಬೇಕು. ಹಳೆಯ ಬೆಲೆ ಕಾಣುವಂತೆ ಬಿಟ್ಟು ಪಕ್ಕದಲ್ಲಿ ಹೊಸದನ್ನು ಹಚ್ಚಿರಬೇಕು. ಹಳೆಯದನ್ನು ಪೂರ್ತಿ ಮುಚ್ಚಿ, ಲೆಕ್ಕಕ್ಕೂ ಹೊಂದದ ಬೆಲೆ ಇದ್ದರೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿ. ಕೆಳಗೆ ಬೇರೆ ಪಾರ್ಟ್ ನಂಬರೇ ಸಿಗಬಹುದು.

ಕ್ಯೂಆರ್ ಕೋಡ್ ಬಗ್ಗೆ ಅತಿನಂಬಿಕೆ ಬೇಡ. ಸ್ಕ್ಯಾನ್ ಮಾಡಿದಾಗ ಡಬ್ಬದ ಮೇಲಿನ ಅಕ್ಷರಗಳನ್ನೇ ತೋರಿಸಿದರೆ ಏನೂ ಸಾಬೀತಾಗಲಿಲ್ಲ. ಕಂಪನಿಯ ಜಾಲತಾಣಕ್ಕೆ ಹೋಗಬೇಕು, ಹೋದ ವಿಳಾಸದ ಅಕ್ಷರಗಳನ್ನು ಒಂದೊಂದಾಗಿ ಓದಬೇಕು. ಪ್ರತಿ ಡಬ್ಬಕ್ಕೂ ಬೇರೆ ಕೋಡ್ ಇರುವ ಕಂಪನಿಯಾದರೆ, ಒಂದೇ ಭಾಗದ ಎರಡು ಡಬ್ಬ ತರಿಸಿ ಎರಡನ್ನೂ ಸ್ಕ್ಯಾನ್ ಮಾಡಿ. ಒಂದೇ ಕ್ರಮಸಂಖ್ಯೆ ಬಂದರೆ ಒಂದನ್ನು ನೋಡಿ ಮಿಕ್ಕಿದ್ದನ್ನೆಲ್ಲ ಜೆರಾಕ್ಸ್ ಮಾಡಿದ್ದಾರೆ ಎಂದರ್ಥ. ಬೇರಿಂಗಿಗೆ ಎಸ್‌ಕೆಎಫ್‌ನ 'ಆಥೆಂಟಿಕೇಟ್', ಷೆಫ್ಲರ್‌ನ 'ಒರಿಜಿನ್‌ಚೆಕ್' ಎಂಬ ಮೊಬೈಲ್ ಆ್ಯಪ್‌ಗಳಿವೆ, ಅವನ್ನು ಬಳಸಿ.

ಇನ್ನು ಮಾಲು.

ಸುತ್ತಿ ಕೂರಿಸುವ ಆಯಿಲ್ ಫಿಲ್ಟರಿನ ಬಾಯಿಯಲ್ಲಿ ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ಸಣ್ಣ ತೂತಿನೊಳಗೆ ಕಾಣುವ ರಬ್ಬರ್ ತಟ್ಟೆಯೇ ಆಂಟಿ-ಡ್ರೈನ್‌ಬ್ಯಾಕ್ ವಾಲ್ವ್. ಎಂಜಿನ್ ಆರಿಸಿದ ಮೇಲೆ ಆಯಿಲ್ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಶುಚಿಯಾದ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಮೃದುವಾಗಿ ಒಳಗೆ ಹೋಗಿ ತಟ್ಟನೆ ವಾಪಸ್ ಬಂದು ಕೂರಬೇಕು. ನಕಲಿಯಲ್ಲಿ ಇದು ಗಟ್ಟಿಯಾಗಿರುತ್ತದೆ, ಇಲ್ಲವೇ ಒತ್ತಿದಲ್ಲೇ ಮಡಿಸಿ ನಿಲ್ಲುತ್ತದೆ. ಪರಿಣಾಮ ಮರುದಿನ ಬೆಳಗ್ಗೆಯೇ ಗೊತ್ತಾಗುತ್ತದೆ: ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಟಕಟಕ ಸದ್ದು, ಆಯಿಲ್ ದೀಪ ತಡವಾಗಿ ಆರುವುದು. ಖಾಲಿಯಾದ ಫಿಲ್ಟರ್ ತುಂಬುವವರೆಗೆ ಎಂಜಿನ್ ಮೇಲ್ಭಾಗದಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ ಆಯಿಲ್ ಇಲ್ಲ.

ಥ್ರೆಡ್ಡನ್ನೂ ನೋಡಿ. ಅನೇಕ ಪೆಟ್ರೋಲ್ ಕಾರುಗಳಲ್ಲಿ 20 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್, ಅಂದರೆ ಸುತ್ತಿನಿಂದ ಸುತ್ತಿಗೆ ಅಷ್ಟು ಅಂತರ. ಟೊಯೋಟಾದ ಹಲವು ಫಿಲ್ಟರುಗಳಲ್ಲಿ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ., ಇಂಚಿಗೆ 16 ಸುತ್ತು. ಕಣ್ಣಿಗೆ ಎರಡೂ ಒಂದೇ. 20ರ ಫಿಲ್ಟರ್ ಎಂಜಿನ್ನಿನ 19ರ ಸ್ಟಡ್ಡಿಗೆ, ಅಂದರೆ ಫಿಲ್ಟರ್ ಕೂರುವ ಥ್ರೆಡ್ ಕಂಬಿಗೆ, ಸಡಿಲವಾಗಿ ಏರಿ 'ಕೂತಿತು' ಅನ್ನಿಸುತ್ತದೆ, ಒತ್ತಡ ಬಂದಾಗ ಕಳಚಿ ಆಯಿಲೆಲ್ಲ ರಸ್ತೆ ಪಾಲು. ಸರಿಯಾದದ್ದು ಕೈಯಲ್ಲೇ ಅಲುಗದೆ ಏರುತ್ತದೆ. ವಾಷರ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು. ಅನುಮಾನವಿದ್ದರೆ ಮುಂದಿನ ಸರ್ವಿಸಿನಲ್ಲಿ ತೆಗೆದ ಫಿಲ್ಟರನ್ನು ಕತ್ತರಿಸಿಸಿ. ಒಳ್ಳೆಯದರಲ್ಲಿ ಕಾಗದದ ಮಡಿಕೆಗಳು ಸಮ ಅಂತರದಲ್ಲಿ ನಿಂತಿರುತ್ತವೆ. ನಕಲಿಯಲ್ಲಿ ಮಡಿಕೆ ಒಂದಕ್ಕೊಂದು ಅಂಟಿ, ಕೊನೆಯ ಅಂಟು ಬಿಟ್ಟು, ಆಯಿಲ್ ಸೋಸದೆ ಪಕ್ಕದಿಂದಲೇ ಹೋಗಿರುತ್ತದೆ.

ಸ್ಪಾರ್ಕ್ ಪ್ಲಗ್ಗಿನಲ್ಲಿ ಮೊದಲು ವಾಷರ್ ಹಿಡಿದು ತಿರುಗಿಸಿ. ಎನ್‌ಜಿಕೆ ಮಾದರಿಯ ಒಳ್ಳೆಯ ಪ್ಲಗ್ಗಿನಲ್ಲಿ ಮಡಿಸಿದ ವಾಷರ್ ಸುಲಭವಾಗಿ ಕಳಚಿ ಬರುವುದಿಲ್ಲ. ನಕಲಿಯಲ್ಲಿ ನಟ್ಟಿನ ಹಾಗೆ ಥ್ರೆಡ್ಡಿನುದ್ದಕ್ಕೂ ಇಳಿದು ಕೈಗೆ ಬರುತ್ತದೆ. ಥ್ರೆಡ್ ನುಣುಪಾಗಿರಬೇಕು, ಉಗುರಿಗೆ ಚೂಪು ತಾಗಬಾರದು. ಹೆಸರಿನಲ್ಲಿ 'ಆರ್' ಅಕ್ಷರವಿರುವ ಎನ್‌ಜಿಕೆ ಪ್ಲಗ್ಗುಗಳಲ್ಲಿ ಸುಮಾರು 5 ಕಿಲೋಓಂ ರೆಸಿಸ್ಟರ್ ಇರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಮೇಲಿನ ಟರ್ಮಿನಲ್ಲಿಗೆ, ಇನ್ನೊಂದು ಕೆಳಗಿನ ನಡು ಎಲೆಕ್ಟ್ರೋಡಿಗೆ ಮುಟ್ಟಿಸಿ, 3ರಿಂದ 7.5ರೊಳಗೆ ಬಂದರೆ ಸರಿ. ಸೊನ್ನೆಯ ಹತ್ತಿರ ಬಂದರೆ ಒಳಗೆ ರೆಸಿಸ್ಟರೇ ಇಲ್ಲ, ಬರೀ ಕಂಬಿ. ಎಂಜಿನ್ ಸೆನ್ಸರುಗಳಿಗೆ ಕಿಡಿಯ ವಿದ್ಯುತ್ ಗದ್ದಲ ತಾಗುತ್ತದೆ. ಇರಿಡಿಯಂ ಎಂದು ಮಾರಿದ್ದಾದರೆ ತುದಿಯ ದಪ್ಪ ನೋಡಿದರೆ ಸಾಕು: ಡೆನ್ಸೋ ಇರಿಡಿಯಂ ಪವರ್‌ನದು 0.4 ಮಿ.ಮೀ., ಎನ್‌ಜಿಕೆ ಇರಿಡಿಯಂ ಐಎಕ್ಸ್‌ನದು 0.6. ಮಾಮೂಲಿ ಪ್ಲಗ್ಗಿನ ಮೊಂಡು ತುದಿಗೆ ಇರಿಡಿಯಂ ಡಬ್ಬ ಹಾಕಿದ್ದರೆ ಬರಿಗಣ್ಣಿಗೇ ಸಿಕ್ಕಿಬೀಳುತ್ತದೆ.

ಬ್ರೇಕ್ ಪ್ಯಾಡಿನಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಹಿಂದಿನ ಉಕ್ಕಿನ ತಟ್ಟೆಯ ಅಂಚು ನೇರವಾಗಿ, ಬಣ್ಣ ಸಮನಾಗಿ ಇರಬೇಕು. ಪ್ಯಾಡ್ ಮತ್ತು ತಟ್ಟೆಯ ನಡುವೆ ಬಿರುಕಾಗಲಿ ಅಂಟು ಉಕ್ಕಿದ ಗುರುತಾಗಲಿ ಇರಬಾರದು. ಒಂದೇ ಡಬ್ಬದ ನಾಲ್ಕನ್ನೂ ಮೇಜಿನ ಮೇಲೆ ಮಲಗಿಸಿ ದಪ್ಪ ಹೋಲಿಸಿ. ಹಿಂಬದಿಯಲ್ಲಿ ಸದ್ದು ತಡೆಯಲು ಇರುವ ಶಿಮ್ ಕಂಪನಿ ಮಾಲಿನಲ್ಲಿ ಬಹುಪಾಲು ರಬ್ಬರ್ ಲೇಪಿಸಿದ ಪದರದ ತಗಡು; ನಕಲಿಯಲ್ಲಿ ಒಂಟಿ ತಗಡು, ಇಲ್ಲವೇ ಕಪ್ಪು ಬಣ್ಣ. ಹಲವು ಪ್ಯಾಡುಗಳ ಅಂಚಿನಲ್ಲಿ ಎರಡು ಅಕ್ಷರದ ಸಂಕೇತವಿರುತ್ತದೆ: ಮೊದಲನೆಯದು ತಣ್ಣಗಿರುವಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. 'ಇ' ಅಂದರೆ ಘರ್ಷಣೆ 0.25ರಿಂದ 0.35, 'ಎಫ್' 0.35ರಿಂದ 0.45, 'ಜಿ' 0.45ರಿಂದ 0.55. ಕಾರಿನ ಜೊತೆ ಬಂದ ಪ್ಯಾಡು 'ಎಫ್‌ಎಫ್' ಆಗಿದ್ದು, ಅದೇ ನಂಬರಿನ ಡಬ್ಬದಲ್ಲಿ 'ಇಇ' ಸಿಕ್ಕರೆ ಕೇಳಲೇಬೇಕು.

ಊರೊಳಗೆ ಓಡಾಡುವಾಗ ನಕಲಿ ಪ್ಯಾಡು ಕಿರಗುಟ್ಟುವುದು ಬಿಟ್ಟರೆ ಹೆಚ್ಚೇನೂ ತೋರಿಸದು. ಅದರ ಬಣ್ಣ ಬಯಲಾಗುವುದು ಶಿರಾಡಿ, ಚಾರ್ಮಾಡಿ, ಆಗುಂಬೆಯ ಇಳಿಜಾರಿನಲ್ಲಿ. ಪ್ಯಾಡಿನೊಳಗೆ ಅಂಟಾಗಿರುವ ಕಳಪೆ ರಾಳ ಬಿಸಿಗೆ ಸುಟ್ಟು ಅನಿಲ ಬಿಡುತ್ತದೆ, ಅದು ಪ್ಯಾಡಿಗೂ ಡಿಸ್ಕಿಗೂ ನಡುವೆ ಪೊರೆಯಂತೆ ನಿಲ್ಲುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಅದು ಬ್ರೇಕ್ ಆಯಿಲ್ ಕುದಿದ ಲಕ್ಷಣ, ಬೇರೆ ಕಾಯಿಲೆ. ಎರಡನ್ನೂ ಬೆರೆಸಿ ಮೆಕ್ಯಾನಿಕ್ಕಿಗೆ ಹೇಳಿದರೆ ಆತ ಆಯಿಲ್ ಬದಲಿಸಿ ಕಳಿಸುತ್ತಾನೆ, ಪ್ಯಾಡು ಅಲ್ಲೇ ಇರುತ್ತದೆ.

ಕ್ಲಚ್ಚಿನಲ್ಲಿ ನಡೆಯುವ ಮೋಸದ ಬಗೆ ಬೇರೆ. ಇಲ್ಲಿ ಹಳೆಯದನ್ನೇ ರಿಪೇರಿ ಮಾಡಿ, ಬಣ್ಣ ಹೊಡೆದು ಹೊಸ ಡಬ್ಬಕ್ಕೆ ಹಾಕುತ್ತಾರೆ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ನಡುವಿನ ಸ್ಪ್ರಿಂಗ್ ಬೆರಳುಗಳ ತುದಿ ನೋಡಿ: ಪೆಡಲ್ ತುಳಿದಾಗ ಅವನ್ನು ಒತ್ತುವ ರಿಲೀಸ್ ಬೇರಿಂಗ್ ಉಜ್ಜಿದ ಹೊಳೆಯುವ ವೃತ್ತ ಇದ್ದರೆ ಅದು ಈಗಾಗಲೇ ಒಂದು ಕಾರು ಓಡಿಸಿದೆ. ಕ್ಲಚ್ ಪ್ಲೇಟಿನ ರಿವೆಟ್ ಹೊಸದಾಗಿ ಹೊಳೆಯುತ್ತಾ, ನಡುವಿನ ಹಲ್ಲುಗಳು ಸವೆದು ಒಂದು ಬದಿ ಮಾತ್ರ ನುಣುಪಾಗಿದ್ದರೆ ಲೈನಿಂಗ್ ಮಾತ್ರ ಹೊಸದು. ಕೆತ್ತಿದ ಅಂಕಿಗಳ ಗುಳಿಯೊಳಗೆ ಬಣ್ಣ ತುಂಬಿಕೊಂಡಿರುವುದೂ ಒಂದು ಸುಳಿವು. ಶಾಕ್ ಅಬ್ಸಾರ್ಬರಿಗೂ ಇದೇ ಕಣ್ಣು ಸಾಕು.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ಹಿಡಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನ ವೀಲ್ ಬೇರಿಂಗುಗಳಲ್ಲಿ ಹಲವಕ್ಕೆ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಉಂಗುರ ಅಡಗಿರುತ್ತದೆ. ಚಕ್ರದ ವೇಗವನ್ನು ಸೆನ್ಸರ್ ಓದುವುದು ಅದರಿಂದ. ನಕಲಿಯಲ್ಲಿ ಮಾಮೂಲಿ ಸೀಲು ಹಾಕಿ ಬಿಟ್ಟಿರುತ್ತಾರೆ. ಉಂಗುರದ ಮೇಲೆ ಇಟ್ಟರೆ ಪಟ್ಟೆಗಳನ್ನು ತೋರಿಸುವ ಸಣ್ಣ ಕಾರ್ಡು ಇದೆ, ಒಳ್ಳೆ ಗ್ಯಾರೇಜಿನವರ ಬಳಿ ಇರುತ್ತದೆ. ಒತ್ತಿ ಕೂರಿಸುವ ಮೊದಲೇ ಇಟ್ಟು ನೋಡಲು ಹೇಳಿ. ಕೂರಿಸಿದ ಮೇಲೆ ಎಬಿಎಸ್ ದೀಪ ಹತ್ತಿದರೆ ಒರಿಜಿನಲ್ಲನ್ನೇ ತಿರುಗುಮುರುಗು ಕೂರಿಸಿರಲೂಬಹುದು, ಉಂಗುರದ ಬದಿ ಸೆನ್ಸರ್ ಕಡೆಗೇ ಇರಬೇಕು.

ಒಂದು ಎಚ್ಚರಿಕೆ. ಒಂದೇ ನಂಬರಿನ ಭಾಗವನ್ನು ಕಾರು ಕಂಪನಿ ಇಬ್ಬರು ಪೂರೈಕೆದಾರರಿಂದ ತರಿಸುವುದುಂಟು. ಹಳೆಯದರ ಮೇಲೆ ಒಬ್ಬರ ಗುರುತು, ಹೊಸದರ ಮೇಲೆ ಇನ್ನೊಬ್ಬರದು ಇದ್ದರೆ ಅಷ್ಟಕ್ಕೇ ಅಂಗಡಿಯವನ ಮೇಲೆ ಹರಿಹಾಯಬೇಡಿ. ಒಂದು ಸುಳಿವು ಸಾಲದು, ಎರಡು ಮೂರು ಕೂಡಬೇಕು.

ಬಿಲ್ಲಿಲ್ಲದೆ ಕೊಳ್ಳಬೇಡಿ, ಬಿಲ್ಲಿನಲ್ಲಿ ಪೂರ್ತಿ ಪಾರ್ಟ್ ನಂಬರ್ ಬರೆಸಿ. 'ಆಟೋ ಸ್ಪೇರ್ಸ್ 1' ಎಂದು ಬರೆದ ಬಿಲ್ಲಿನಿಂದ ನಾಳೆ ಏನನ್ನೂ ಕೇಳಲಾಗದು. ಕರ್ನಾಟಕದ ಅಂಗಡಿಯ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಅಂಗಡಿಯ ಹೆಸರು ಬರಬೇಕು. ಎಂಆರ್‌ಪಿಯಲ್ಲಿ ಸ್ವಲ್ಪ ಬಿಡುವುದು ಇದ್ದದ್ದೇ. ಅರ್ಧಕ್ಕರ್ಧ ಬಿಟ್ಟರೆ ಮಾಲು ಅಸಲಿಯೇ ಎಂದು ಯೋಚಿಸಿ. ನಕಲಿ ಎಂದು ಖಾತ್ರಿಯಾದರೆ ಹಾಕಿಸಬೇಡಿ. ಮಾಲು, ಡಬ್ಬ, ಬಿಲ್ಲು ಮೂರರ ಫೋಟೊ ತೆಗೆದು ಕಾರು ಕಂಪನಿಗೂ ಗ್ರಾಹಕ ಸಹಾಯವಾಣಿ 1915ಕ್ಕೂ ತಿಳಿಸಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಕಲಮಿನಡಿ ನಕಲಿ ಹೆಸರು ಹಚ್ಚುವುದಕ್ಕೂ ಅಂಥ ಮಾಲು ಮಾರುವುದಕ್ಕೂ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ.

ನಕಲಿಯವರಿಗೆ ಅಸಲಿ ಡಬ್ಬಗಳು ಸಿಗುವುದು ನಮ್ಮಿಂದಲೇ. ಗ್ಯಾರೇಜಿನ ಮೂಲೆಯಲ್ಲಿ ಬಿಟ್ಟು ಬಂದ ಖಾಲಿ ಡಬ್ಬಕ್ಕೂ ಆಯಿಲ್ ಡಬ್ಬಿಗೂ ಗುಜರಿಯಲ್ಲಿ ಬೆಲೆಯಿದೆ. ಬಿಲ್ಲಿಗೆ ಅಂಟಿಸಲು ಚೀಟಿಯ ಫೋಟೊ ತೆಗೆದುಕೊಂಡು, ಪಾರ್ಟ್ ನಂಬರ್ ಮತ್ತು ಹೋಲೋಗ್ರಾಂ ಇರುವ ಬದಿಯನ್ನು ಕತ್ತರಿಯಿಂದ ಅಡ್ಡಡ್ಡ ಸೀಳಿ. ಆಯಿಲ್ ಡಬ್ಬಿಗೆ ಚಾಕುವಿನಿಂದ ತೂತು ಮಾಡಿ. ತೆಗೆದ ಹಳೆಯ ಪ್ಯಾಡು, ಕ್ಲಚ್ ಪ್ಲೇಟುಗಳನ್ನು ಕೇಳಿ ಮನೆಗೆ ತನ್ನಿ, ಇಲ್ಲವೇ ಗುಜರಿಗೆ ಹಾಕುವ ಮೊದಲು ಮೆಕ್ಯಾನಿಕ್ ಎದುರಿಗೇ ಗ್ರೈಂಡರಿನಿಂದ ಒಂದು ಗೀರು ಎಳೆಸಿ.