ಮಂಡಕ್ಕಿ ವ್ಯಾನಿನ ಲೆಕ್ಕದ ಪುಸ್ತಕ: ಫೆಬ್ರವರಿಯಿಂದ ಆಗಸ್ಟ್‌

ವ್ಯಾನು ಅಳಿಯನದು, ಹುಚ್ಚು ನನ್ನದು. ನನ್ನ ಅಕ್ಕನ ಮಗ ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ಎತ್ತಿ ಚಿತ್ರದುರ್ಗದ ಅಂಗಡಿಗಳಿಗೆ ಹಾಕುತ್ತಾನೆ. ಹಳೆಯ ಡೀಸೆಲ್ ಗಾಡಿಯನ್ನು ಮಾರಿ, ಎರಡು ವರ್ಷ ಓಡಿದ್ದ ನಾಲ್ಕು ಚಕ್ರದ ವಿದ್ಯುತ್ ವ್ಯಾನೊಂದನ್ನು ಫೆಬ್ರವರಿಯಲ್ಲಿ ಕೊಂಡ. ಅವನ ಮನೆಯ ಓಣಿಗೆ ಸೈಕಲ್ ನುಗ್ಗುವುದೇ ಕಷ್ಟ. ಹಾಗಾಗಿ ಗಾಡಿ ನಿಲ್ಲುವುದು, ಚಾರ್ಜ್ ಆಗುವುದು ನಮ್ಮ ಅಂಗಳದಲ್ಲಿ. ಹತ್ತಿ ಗಿರಣಿಯಲ್ಲಿ ಇಪ್ಪತ್ತು ವರ್ಷ ಮೋಟಾರು, ಪ್ಯಾನೆಲ್ ಬೋರ್ಡುಗಳ ನಡುವೆ ಕಳೆದವನು ನಾನು. ಗಿರಣಿ ಮುಚ್ಚಿದ ಮೇಲೆ ಮನೆ ವೈರಿಂಗ್ ಮಾಡಿಕೊಂಡಿದ್ದೆ. "ಮಾವ, ನೀವಿದ್ದೀರಲ್ಲ" ಎಂದು ಅಳಿಯ ಕೀಲಿ ಕೈಗಿಟ್ಟು ಹೋದ. ಅಂದಿನಿಂದ ಬರೆದಿಟ್ಟ ಟಿಪ್ಪಣಿಗಳಿಂದ ಇದನ್ನು ಆಯ್ದಿದ್ದೇನೆ.

ಫೆಬ್ರವರಿ, ಎರಡನೆಯ ವಾರ

ಡೀಸೆಲ್ ಗಾಡಿ ಕೊಳ್ಳುವಾಗ ಹೊಗೆಯ ಬಣ್ಣ ನೋಡುತ್ತಿದ್ದೆವು, ಎಂಜಿನ್ ಸದ್ದು ಕೇಳುತ್ತಿದ್ದೆವು. ಇದಕ್ಕೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಎಂದು ಮಾರಿದವರನ್ನು ಕೇಳಿದರೆ "ಹೊಸದರ ಹಾಗೇ ಇದೆ" ಎಂಬ ಉತ್ತರ. ನಾನೇ ಅಳೆದೆ. ಚಾರ್ಜರಿನ ಲೈನಿಗೆ ಒಂದು ಸಬ್‌ಮೀಟರ್ ಹಾಕಿ, ಪೂರ್ತಿ ತುಂಬಿದ ಗಾಡಿಯನ್ನು ಶೇ. 20ಕ್ಕೆ ಇಳಿಯುವವರೆಗೆ ಓಡಿಸಿ, ಮತ್ತೆ 100ಕ್ಕೆ ತುಂಬಿಸಿದೆ. ಗೋಡೆಯಿಂದ ಎಳೆದದ್ದು 17.2 ಯೂನಿಟ್. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವ ಹತ್ತನೇ ಒಂದು ಪಾಲನ್ನು ಕಳೆದರೆ ಬ್ಯಾಟರಿಗೆ ಸೇರಿದ್ದು ಹದಿನೈದೂವರೆ. ಅದು ಐದರಲ್ಲಿ ನಾಲ್ಕು ಪಾಲು, ಪೂರ್ತಿಗೆ 19.4. ಹೊಸದಿದ್ದಾಗ 21.3. ಅಂದರೆ ಶೇ. 91 ಉಳಿದಿದೆ. ಒರಟು ಲೆಕ್ಕವೇ ಸರಿ, ಆದರೆ ಮಾರಿದವರ ಮಾತಿಗಿಂತ ಗಟ್ಟಿ.

ಮಾರ್ಚ್ 11

ಮಂಡಿಪೇಟೆಯಲ್ಲಿ ತಲೆಯ ಮೇಲೆ ಮೂಟೆ ಹೊತ್ತ ಹಮಾಲಿಯೊಬ್ಬರು ವ್ಯಾನಿಗೆ ಅಡ್ಡ ಬಂದರು. ಸದ್ದಿಲ್ಲದ ಗಾಡಿ, ತಿರುಗಿ ನೋಡಲು ಅವರಿಗೆ ಕಾರಣವೇ ಇರಲಿಲ್ಲ. ಅಳಿಯ ಬ್ರೇಕ್ ಒತ್ತಿದ, ಯಾರಿಗೂ ಏನೂ ಆಗಲಿಲ್ಲ. ಸಂದಿಯಲ್ಲಿ ಹಾರ್ನ್ ಹೊಡೆದರೆ ಜನ ಬೆಚ್ಚಿಬೀಳುತ್ತಾರೆ, ಹಸುಗಳು ಗಾಡಿಯ ಮುಂದಕ್ಕೇ ಓಡುತ್ತವೆ. ಅಕ್ಕ ಅಟ್ಟದಿಂದ ಹಳೆಯ ಎತ್ತಿನ ಗೆಜ್ಜೆಸರ ಹುಡುಕಿ ತಂದು ಮುಂಭಾಗದ ಬಂಪರಿಗೆ ಕಟ್ಟಿದಳು. ನನಗೆ ನಗು ಬಂತು, ಆದರೆ ಕೆಲಸ ಮಾಡುತ್ತಿದೆ. ಪೇಟೆಯೊಳಗೆ ಹತ್ತು ಕಿ.ಮೀ. ವೇಗ ದಾಟಬಾರದು ಎಂಬ ನನ್ನ ಕಟ್ಟಪ್ಪಣೆಯೂ ಜಾರಿಯಲ್ಲಿದೆ. ಗೆಜ್ಜೆಯಷ್ಟು ಅದು ಪಾಲನೆಯಾಗುತ್ತಿಲ್ಲ.

ಏಪ್ರಿಲ್ 6

ರಾತ್ರಿ ಎರಡು ಗಂಟೆಗೆ ಮೀನು ಕೊಳೆತಂಥ ವಾಸನೆಗೆ ಎಚ್ಚರವಾಯಿತು. ಸಸ್ಯಾಹಾರಿ ಮನೆ. ಗಿರಣಿಯ ಮೂಗು ತಕ್ಷಣ ಗುರುತಿಸಿತು, ಸ್ವಿಚ್‌ಬೋರ್ಡ್ ಬೇಯುವ ವಾಸನೆ ಅದು. ವ್ಯಾನು ಚಾರ್ಜ್ ಆಗುತ್ತಿದ್ದ ಜಗಲಿಯ ಹದಿನಾರು ಆಂಪಿಯರ್ ಸಾಕೆಟ್ಟಿನ ಒಂದು ಕಣ್ಣು ಕಂದಾಗಿ ಬಾಗಿತ್ತು. ಬರಿಗೈಯಲ್ಲಿ ಪ್ಲಗ್ ಕೀಳಲು ಹೋಗದೆ ಮೊದಲು ಮೇನ್ ಇಳಿಸಿದೆ.

ದಿನವೂ ಯಾರಾದರೊಬ್ಬರು "ಬ್ಯಾಟರಿ ಸಿಡಿಯುವುದಿಲ್ಲವೇ?" ಎಂದು ಕೇಳುತ್ತಾರೆ. 2022ರಲ್ಲಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಸುದ್ದಿ ಇನ್ನೂ ಯಾರೂ ಮರೆತಿಲ್ಲ. ನಮ್ಮ ವ್ಯಾನಿನದು ಕಬ್ಬಿಣ-ಫಾಸ್ಫೇಟ್ ಜಾತಿಯ ಲಿಥಿಯಂ ಬ್ಯಾಟರಿ. ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ಹೆಚ್ಚು ಬಿಸಿ ತಡೆದುಕೊಳ್ಳುವ ಸ್ವಭಾವದ್ದು ಎಂದು ನಾನು ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಪಾಠ ಹೇಳುವವನ ಬೆನ್ನ ಹಿಂದೆ ಅವನದೇ ಸಾಕೆಟ್ ಬೇಯುತ್ತಿತ್ತು.

ಬೆಳಿಗ್ಗೆ ಬಿಚ್ಚಿ ನೋಡಿದೆ. ಒಂದು ತಿರುಪು ಅರ್ಧ ಸುತ್ತು ಸಡಿಲ. ಇದೇ ಸಾಕೆಟ್ಟಿನಲ್ಲಿ ಹತ್ತು ವರ್ಷ ಗೀಸರ್ ಓಡಿದೆ, ಏನೂ ಆಗಿರಲಿಲ್ಲ. ಆದರೆ ಗೀಸರ್ ಓಡುವುದು ಕಾಲು ಗಂಟೆ. ವ್ಯಾನು 13 ಆಂಪಿಯರನ್ನು ಆರು ಗಂಟೆ ಬಿಡದೆ ಎಳೆಯುತ್ತದೆ. ಸಡಿಲ ಜಾಗದಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗ ತಡೆ ಇದೆ ಎನ್ನಿ. ಹದಿಮೂರು ಹದಿಮೂರಲೆ 169, ಅದರ ಹತ್ತನೇ ಒಂದು ಪಾಲು ಎಂದರೆ ಹದಿನೇಳು ವಾಟ್. ಸಣ್ಣ ಸಾಲ್ಡರಿಂಗ್ ಕಡ್ಡಿಯನ್ನು ಗೋಡೆಯೊಳಗೆ ತುರುಕಿ ಮಲಗಿದಂತೆಯೇ. ಇದರಿಂದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಇಳಿಯುವ ಸ್ವಿಚ್) ಇಳಿಯುವುದಿಲ್ಲ, ಯಾಕೆಂದರೆ ಕರೆಂಟ್ ಹೆಚ್ಚಾಗಿಯೇ ಇರುವುದಿಲ್ಲ.

ಇನ್ನೂ ನಾಚಿಕೆಯ ಸಂಗತಿ, ಸಾಕೆಟ್ಟಿನಿಂದ ಮೂರಡಿ ದೂರದಲ್ಲಿ ಖಾಲಿ ಮಂಡಕ್ಕಿ ಚೀಲಗಳ ರಾಶಿ ಇತ್ತು. ಎಲ್ಲವೂ ಪ್ಲಾಸ್ಟಿಕ್. ಅದರಾಚೆ ಮನೆಯ ಬಾಗಿಲು.

ಏಪ್ರಿಲ್ 7ರಿಂದ 20

ಗಾಡಿಗೆ ರಜೆ, ನನಗೆ ಕೆಲಸ. ಮೀಟರ್ ಬೋರ್ಡಿನಿಂದ ನೇರವಾಗಿ, ನಡುವೆ ಎಲ್ಲೂ ಜೋಡಣೆ ಇಲ್ಲದೆ, ಆರು ಚದರ ಮಿ.ಮೀ. ತಾಮ್ರದ ತಂತಿ ಎಳೆದೆ. ನಾಲ್ಕು ಸಾಕಾಗುತ್ತಿತ್ತು, ಆದರೆ ಮೂಗು ಸುಟ್ಟುಕೊಂಡವನ ಅಂಜಿಕೆ. ಲೋಹದ ಡಬ್ಬಿಯಲ್ಲಿ ಗಟ್ಟಿ ಸಾಕೆಟ್, 20 ಆಂಪಿಯರಿನ ಆರ್‌ಸಿಬಿಒ. ಹೊರೆ ಹೆಚ್ಚಾದರೆ ಇಳಿಯುವುದರ ಜೊತೆಗೆ, 30 ಮಿಲಿ ಆಂಪಿಯರ್ ನೆಲಕ್ಕೆ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿಯುವ ಯಂತ್ರ ಅದು. ಚಾರ್ಜ್ ಮಾಡುವ ಜಾಗವನ್ನು ಬಾಗಿಲಿನಿಂದ ಅಂಗಳದ ಆಚೆಯ ಗೋಡೆಗೆ ಸರಿಸಿದೆ. ಮೊದಲ ವಾರ ಅರ್ಧ ಗಂಟೆಗೊಮ್ಮೆ ಹೋಗಿ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆ. "ಕೂಸಿಗೆ ಜ್ವರ ಬಂದಿದೆಯೇ?" ಎಂದು ಮಡದಿ ಕೇಳಿದಳು.

ಹೇಗೂ ಕೈ ಹಾಕಿದ್ದೇನೆ ಎಂದು ಗೆಳೆಯರಿಂದ, ನೆಲಕ್ಕೆ ಕರೆಂಟ್ ಹರಿಯುವ ದಾರಿಯ ತಡೆ ಅಳೆಯುವ ಅರ್ಥ್ ಟೆಸ್ಟರ್ ಎರವಲು ತಂದು ಅಳೆದೆ. 18 ಓಮ್. ಊರೆಲ್ಲ ಸುತ್ತಿ ವೈರಿಂಗ್ ಮಾಡಿದವನ ಮನೆಯ ಅರ್ಥಿಂಗ್ ಹದಿನೆಂಟು ಓಮ್! ಇದರ ಅರ್ಥ ಏನೆಂದರೆ, ಲೈವ್ ತಂತಿ ವ್ಯಾನಿನ ಮೈಗೆ ತಗುಲಿದರೆ 230 ವೋಲ್ಟಿನಲ್ಲಿ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 13 ಆಂಪಿಯರ್. ಸೋರಿಕೆ ಹಿಡಿಯುವ ಯಂತ್ರವಿಲ್ಲದೆ ಬರೀ 20ರ ಎಂಸಿಬಿ ಇದ್ದರೆ, ಅದು ಇದನ್ನು ಯಾವುದೋ ಮಾಮೂಲಿ ಹೊರೆ ಎಂದುಕೊಂಡು ಸುಮ್ಮನೆ ಕೂರುತ್ತದೆ. ಗಾಡಿಯ ಮೈ ಕರೆಂಟ್ ಹೊತ್ತು ನಿಂತಿರುತ್ತದೆ, ಬಾಗಿಲು ತೆಗೆಯುವವನಿಗಾಗಿ ಕಾಯುತ್ತಾ. ಇಷ್ಟು ದಿನ ಏನೂ ಆಗದಿದ್ದದ್ದು ನನ್ನ ಜಾಣತನದಿಂದಲ್ಲ.

ಹಳೆಯ ಅರ್ಥಿಂಗ್ ಗುಂಡಿಯನ್ನು ಅಗೆದೆವು. ತುಕ್ಕು ಹಿಡಿದ ಪೈಪು, ಅದರ ಸುತ್ತ ಒಣಗಿ ಬಿರಿದ ಮಣ್ಣು. ಹೊಸ ಪೈಪು ಇಳಿಸಿ, ಇದ್ದಿಲು, ಉಪ್ಪು ಪದರಪದರವಾಗಿ ತುಂಬಿ, ನಾಲ್ಕು ಕೊಡ ನೀರು ಹೊಯ್ದೆವು. ನಾಲ್ಕು ದಿನ ಬಿಟ್ಟು ಅಳೆದಾಗ 3.8. ಇನ್ನು ಬೇಸಿಗೆಯಲ್ಲಿ ವಾರಕ್ಕೆರಡು ಸಲ ಗುಂಡಿಗೆ ಒಂದು ಬಕೆಟ್ ನೀರು, ತಿಂಗಳ ಮೊದಲ ದಿನ ಆರ್‌ಸಿಬಿಒದ ಟೆಸ್ಟ್ ಬಟನ್ ಒತ್ತುವುದು.

ಮೇ

ದಾವಣಗೆರೆಯ ಬಿಸಿಲು. ಭಟ್ಟಿಯ ಬಿಸಿಯಿಂದ ಬಂದ ಗಾಡಿಯನ್ನು ನೇರ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಮಟಮಟ ಮಧ್ಯಾಹ್ನ ಚಾರ್ಜಿಗೆ ಹಾಕುವುದನ್ನು ನಿಲ್ಲಿಸಿದೆವು. ಬಂದ ಮೇಲೆ ಒಂದು ತಾಸು ಆರಲಿ, ಆಮೇಲೆ ಚಾರ್ಜು. ರಾತ್ರಿಯಾದರೆ ಇನ್ನೂ ಒಳ್ಳೆಯದು. ಭಟ್ಟಿಯಲ್ಲಿ ತುಂಬುವಾಗಲೂ ಒಲೆಯ ಬಾಯಿಯಿಂದ ದೂರ ನಿಲ್ಲಿಸುತ್ತೇವೆ. ಹೊಟ್ಟಿನ ಕಿಡಿ ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು.

ಈ ತಿಂಗಳು ಹರಿಹರ, ಮಲೇಬೆನ್ನೂರಿನ ಓಡಾಟವೇ ಹೆಚ್ಚು. ಅಳಿಯ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, ಬ್ಯಾಟರಿ ಬಾಳಿಕೆಗೆ ಒಳ್ಳೆಯದೆಂದು ಮೂರು ವಾರ 80ರ ಮೇಲೆ ತುಂಬಿಸಲೇ ಇಲ್ಲ. ಒಂದು ಸಂಜೆ ಹರಿಹರದಿಂದ ಬರುವಾಗ ಮೀಟರ್ 31 ತೋರಿಸುತ್ತಿದ್ದದ್ದು ಏಕಾಏಕಿ 18ಕ್ಕೆ ಜಿಗಿಯಿತು. ಬ್ಯಾಟರಿ ಹೋಯಿತು ಎಂದು ಅವನ ಮುಖ ಬಿಳಿಚಿಕೊಂಡಿತ್ತು. ಬ್ಯಾಟರಿ ಹೋಗಿರಲಿಲ್ಲ, ಲೆಕ್ಕ ತಪ್ಪಿತ್ತು. ಫಾಸ್ಫೇಟ್ ಕೋಶದ ವೋಲ್ಟೇಜ್ 3.2ರ ಆಸುಪಾಸಿನಲ್ಲೇ ಬಯಲುಸೀಮೆಯ ರಸ್ತೆಯಂತೆ ಚಪ್ಪಟೆಯಾಗಿ ಸಾಗುತ್ತದೆ, ಅದನ್ನು ನೋಡಿ ಎಷ್ಟು ಚಾರ್ಜ್ ಉಳಿದಿದೆ ಎಂದು ಹೇಳಲಾಗದು. ಏರಿಳಿತ ಕಾಣುವುದು ಎರಡು ತುದಿಗಳಲ್ಲಿ ಮಾತ್ರ. ಪೂರ್ತಿ ತುಂಬಿಸಿದಾಗಲೇ ಒಳಗಿನ ನಿಯಂತ್ರಕಕ್ಕೆ ತಾನೆಲ್ಲಿದ್ದೇನೆಂದು ತಿಳಿಯುತ್ತದೆ, ಕೋಶಗಳೂ ಸಮವಾಗುತ್ತವೆ. 80ಕ್ಕೆ ನಿಲ್ಲಿಸುವ ಸಲಹೆ ಬೇರೆ ರಸಾಯನದ ಬ್ಯಾಟರಿಗಳಿಗೆ ಸರಿ. ನಮ್ಮ ಗಾಡಿಯ ಕೈಪಿಡಿಯಲ್ಲೇ ವಾರಕ್ಕೊಮ್ಮೆ ಪೂರ್ತಿ ತುಂಬಿಸಿ ಎಂದು ಬರೆದಿದೆ. ಕೈಪಿಡಿ ಕವರಿನಿಂದ ಹೊರಗೇ ಬಂದಿರಲಿಲ್ಲ.

ತಿಂಗಳ ಕೊನೆಗೆ ಮದುವೆಗೆಂದು ಎಲ್ಲರೂ ಊರು ಬಿಟ್ಟೆವು. ಒಂಬತ್ತು ದಿನ ಬಿಟ್ಟು ಬಂದರೆ ಗಾಡಿ ಸತ್ತಂತೆ ಬಿದ್ದಿತ್ತು. ಹೋಗುವಾಗ ಶೇ. 70 ಚಾರ್ಜ್ ಇತ್ತು. ಮಲ್ಟಿಮೀಟರ್ ಹಿಡಿದೆ. ಮೂಲೆಯಲ್ಲಿದ್ದ ಹನ್ನೆರಡು ವೋಲ್ಟಿನ ಸಣ್ಣ ಸೀಸದ ಬ್ಯಾಟರಿ 10.8ಕ್ಕೆ ಇಳಿದಿತ್ತು, ಜಿಪಿಎಸ್ ಟ್ರ್ಯಾಕರ್ ಅದನ್ನು ಹೀರಿತ್ತು. ದೊಡ್ಡ ಬ್ಯಾಟರಿಯ ಬಾಗಿಲು ತೆರೆಯುವ ಕಾಂಟ್ಯಾಕ್ಟರುಗಳಿಗೆ ಶಕ್ತಿ ಕೊಡುವುದು ಈ ಸಣ್ಣದು. ಕಣಜದ ತುಂಬ ಕಾಳಿದೆ, ಕೀಲಿ ಕಳೆದಿದೆ! ಸಣ್ಣದನ್ನು ಹೊರಗಿಟ್ಟು ಚಾರ್ಜ್ ಮಾಡಿದ ಮೇಲೆ ಎಲ್ಲವೂ ಸರಿಹೋಯಿತು.

ಇಲ್ಲಿಗೇ ನನ್ನ ಕೈ ನಿಲ್ಲುತ್ತದೆ. ದೊಡ್ಡ ಬ್ಯಾಟರಿಯ ಹೆಚ್ಚು ವೋಲ್ಟೇಜ್ ಹೊರುವ ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ನಾನು ಮುಟ್ಟುವುದಿಲ್ಲ. ಗಿರಣಿಯ 440 ವೋಲ್ಟಿನೊಂದಿಗೆ ಸಂಸಾರ ಮಾಡಿದ್ದರೂ ಇದು ಬೇರೆ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೂ ಇನ್‌ವರ್ಟರಿನ ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಕರೆಂಟ್ ಕೂತಿರುತ್ತದೆ. ಅದು ತರಬೇತಿ ಇದ್ದವರ, ರಬ್ಬರ್ ಕೈಗವಸಿನವರ ಕೆಲಸ.

ಜೂನ್, ಜುಲೈ

ಈ ಎರಡು ತಿಂಗಳು ತಲೆ ಕೆಡಿಸಿದ ಒಗಟು ಇದು. ಚಿತ್ರದುರ್ಗಕ್ಕೆ ನಮ್ಮ ಲೆಕ್ಕದಲ್ಲಿ 62 ಕಿ.ಮೀ. ಏಪ್ರಿಲ್‌ನಲ್ಲಿ ಹೋಗುವಾಗ ಶೇ. 44, ಬರುವಾಗ 40 ಖರ್ಚಾಗುತ್ತಿತ್ತು. ಅದು ಸರಿಯೇ, ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ದುರ್ಗ 730. ಒಂದೂವರೆ ಟನ್ನನ್ನು 130 ಮೀಟರ್ ಎತ್ತಲು ಅರ್ಧ ಯೂನಿಟ್ ಚಿಲ್ಲರೆ ಬೇಕು. ಬರುವಾಗ ಇಳಿಜಾರು, ಉಳಿತಾಯ.

ಜೂನ್ ಎರಡನೆಯ ವಾರ ಲೆಕ್ಕ ತಿರುವುಮುರುವಾಯಿತು. ಹೋಗುವಾಗ 41, ಬರುವಾಗ 52! ಆನಗೋಡು ದಾಟುವಾಗಲೇ 20ರ ಹತ್ತಿರ, ಊರಿನ ಹೊರವಲಯಕ್ಕೆ ಬರುವಾಗ ಮೀಟರಿನಲ್ಲಿ ಆಮೆಯ ಚಿತ್ರ, ಚಾರ್ಜ್ ಕಡಿಮೆಯಾಗಿ ಗಾಡಿ ತಾನೇ ವೇಗ ಇಳಿಸುತ್ತದೆ ಎಂಬ ಸೂಚನೆ. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ ಹೆದ್ದಾರಿಯ ಎಡಕ್ಕೆ ಅಂಟಿಕೊಂಡು ತೆವಳಿದೆವು. ಮನೆ ಸೇರಿದಾಗ ಶೇ. 7.

ಆರೋಪಿ ಸಿಕ್ಕಿದ ಎಂದುಕೊಂಡೆ. ಆ ತಿಂಗಳಿಂದಲೇ ಅಳಿಯ ವಾಪಸು ಬರುವಾಗ ಶೇಂಗಾ ಎಣ್ಣೆಯ ಡಬ್ಬಗಳನ್ನು ತುಂಬಿಕೊಳ್ಳಲು ಶುರು ಮಾಡಿದ್ದ, ನಾನ್ನೂರು ಕೆ.ಜಿ.ಯಷ್ಟು. ಮಂಡಕ್ಕಿಯ ಚೀಲ ನೋಡಲು ಆನೆಮರಿ, ಎತ್ತಿದರೆ ಹತ್ತಿದಿಂಬು, ಎಣ್ಣೆ ಹಾಗಲ್ಲ. ಒಂದು ಭಾನುವಾರ ಎಣ್ಣೆ ಬಿಟ್ಟು ಖಾಲಿ ಬಂದೆವು. 48. ಎಣ್ಣೆಯ ಪಾಲು ನಾಲ್ಕೇ. ಏಪ್ರಿಲ್‌ಗಿಂತ ಹೆಚ್ಚಾದ ಉಳಿದ ಎಂಟು ಎಲ್ಲಿ ಹೋಯಿತು?

ಉತ್ತರ ಕಂಡದ್ದು ಅಳಿಯನಿಗೆ. ದುರ್ಗದ ಬಳಿ ಚಹಾ ಕುಡಿಯುತ್ತಾ ಗುಡ್ಡದ ಕಡೆ ನೋಡಿ, "ಮಾವ, ಗಾಳಿಯಂತ್ರಗಳೆಲ್ಲ ನಮ್ಮೂರಿನ ದಿಕ್ಕಿಗೇ ಮುಖ ಮಾಡಿ ನಿಂತಿವೆ" ಎಂದ. ಗಾಳಿಯಂತ್ರ ನಿಲ್ಲುವುದು ಗಾಳಿ ಬರುವ ಕಡೆ ಮುಖ ಮಾಡಿ. ಮುಂಗಾರಿನ ಪಡುವಣ ಗಾಳಿ ನಾವು ಹೋಗುವಾಗ ಬೆನ್ನು ತಳ್ಳುತ್ತದೆ, ಬರುವಾಗ ಎದೆಗೆ ಒದೆಯುತ್ತದೆ. ಬೀರುವಿನಂಥ ಪೆಟ್ಟಿಗೆ ಹೊತ್ತ ಗಾಡಿಗೆ ಇದು ಸಣ್ಣ ವಿಷಯವಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 60ರಲ್ಲಿ ಓಡಿದರೂ ಎದುರು ಗಾಳಿ 20 ಇದ್ದರೆ ಅದರ ಮಟ್ಟಿಗೆ ನಾವು 80ರಲ್ಲಿದ್ದೇವೆ, ತಡೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ನಮ್ಮ ಬ್ಯಾಟರಿಯನ್ನು ಬರಿದು ಮಾಡಿದ ಗಾಳಿಯೇ ಗುಡ್ಡದ ಮೇಲೆ ಯಾರ ಮನೆಗೋ ಕರೆಂಟ್ ಮಾಡುತ್ತಿತ್ತು.

ಮುಂದಿನ ಸಲ ಎಣ್ಣೆ ತುಂಬಿಕೊಂಡೇ 45ರ ವೇಗದಲ್ಲಿ ಬಂದೆವು. ಖರ್ಚು ಶೇ. 44. ಈಗ ಮಳೆಗಾಲದ ನಿಯಮ: ದುರ್ಗದಲ್ಲಿ ಊಟದ ಹೊತ್ತಿಗೆ ಒಂದು ಗಂಟೆ ಚಾರ್ಜು, ವಾಪಸು ಬರುವಾಗ 45ರ ವೇಗ. ಅಳಿಯನಿಗೆ ಎರಡನೆಯದು ಹಿಡಿಸಿಲ್ಲ.

ಜುಲೈ 20

ಹಿಂದಿನ ಚಕ್ರದಿಂದ ಕಿರುಗುಟ್ಟುವ ಸದ್ದು. ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡಿ, ಆ ಶಕ್ತಿಯನ್ನು ಬ್ಯಾಟರಿಗೆ ವಾಪಸು ತುಂಬುವುದರಿಂದ ಬ್ರೇಕಿಗೆ ಕೆಲಸ ಕಡಿಮೆ. ಮಳೆಯಲ್ಲಿ ಬ್ರೇಕ್ ಡ್ರಮ್ಮಿನೊಳಗೆ ತುಕ್ಕು ಕೂತಿತ್ತು. ಬ್ರೇಕ್ ಸವೆಯುವುದಿಲ್ಲ ಎಂದು ಬೀಗಬಾರದು, ಬಳಸದೆಯೂ ಕೆಡುತ್ತದೆ. ಪೂರ್ತಿ ತುಂಬಿದ ಬ್ಯಾಟರಿಗೆ ವಾಪಸು ತುಂಬಿಸಲು ಜಾಗವೇ ಇಲ್ಲದ್ದರಿಂದ ಬೆಳಗಿನ ಮೊದಲ ಇಳಿಜಾರಿನಲ್ಲಿ ಮೋಟಾರಿನ ಹಿಡಿತವೂ ಸಿಗುವುದಿಲ್ಲ. ಆಗ ಬೇಕಾಗುವುದು ಇದೇ ಡ್ರಮ್ಮು.

ಚಕ್ರ ಬಿಚ್ಚಲು ಬಂದ ಮೆಕ್ಯಾನಿಕ್ ಹುಡುಗ ಅಭ್ಯಾಸಬಲದಿಂದ ಜಾಕನ್ನು ಗಾಡಿಯ ನಡುವೆ, ಸರಿಯಾಗಿ ಬ್ಯಾಟರಿ ಪೆಟ್ಟಿಗೆಯ ಕೆಳಗೆ ಇಟ್ಟ. ಕೂಗಿ ನಿಲ್ಲಿಸಿದೆ. ಜಾಕ್ ಇಡುವ ನಾಲ್ಕು ಜಾಗಗಳಿಗೆ ಅಂದೇ ಹಳದಿ ಬಣ್ಣ ಬಳಿದೆ.

ಆಗಸ್ಟ್ 10

ಜೋರು ಮಳೆ. ರೈಲ್ವೆ ಕೆಳಸೇತುವೆಯಲ್ಲಿ ಮೊಣಕಾಲುದ್ದ ನೀರು. "ಐಪಿ 67 ಎಂದು ಬರೆದಿದೆ, ನುಗ್ಗಿಸಲೇ?" ಎಂದು ಅಳಿಯ ಫೋನ್ ಮಾಡಿದ. ನೀರು, ಧೂಳು ಒಳನುಗ್ಗದಂತೆ ತಡೆಯುವ ದರ್ಜೆಯ ಆ ಅಂಕಿ ಪ್ರಯೋಗಾಲಯದ ನಿಂತ ತಿಳಿನೀರಿನಲ್ಲಿ, ಒಂದು ಮೀಟರ್ ಆಳದಲ್ಲಿ, ಅರ್ಧ ಗಂಟೆಯ ಮಾತು. ಕಲ್ಲು ಬಡಿದ ಮುಚ್ಚಳ, ಹಳೆಯ ರಬ್ಬರಿನ ಮಾತಲ್ಲ. ಸುತ್ತಿಕೊಂಡು ಬಾ ಎಂದೆ. ಬಂದ.

ಬಾಕಿ ಕೆಲಸ: ಬ್ರೇಕ್ ಎಣ್ಣೆ ಬದಲಾಯಿಸುವುದು. ಮುಂದಿನ ಎಡ ಟೈರು. ಅರ್ಥಿಂಗ್ ಈಗ 3.1 ತೋರಿಸುತ್ತಿದೆ, ಆದರೆ ಮಳೆಗಾಲದ ಅಂಕಿಯನ್ನು ನಾನು ನಂಬುವುದಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಅಳೆಯಬೇಕು. ಗುಂಡಿಯ ಪಕ್ಕದ ಕರಿಬೇವಿನ ಗಿಡ ಹಳದಿಗೆ ತಿರುಗಿದೆ. ಉಪ್ಪು ಸುರಿದವನು ನಾನೇ ಆದ್ದರಿಂದ ವಿಚಾರಣೆಯೇ ಇಲ್ಲದೆ ತೀರ್ಪು ಬಂದಿದೆ. ಭಾನುವಾರ ಅದನ್ನು ಆರಡಿ ಆಚೆಗೆ ನೆಡಬೇಕು.