ಲಾಸ್ ಏಂಜಲೀಸ್‌ನಲ್ಲಿ ಪಾರ್ಕಿಂಗ್ ನೋಡುತ್ತಾ ಒಂದು ಸುತ್ತು

ಲಾಸ್ ಏಂಜಲೀಸ್‌ಗೆ ಹೋದವರು ಹಾಲಿವುಡ್ ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ನೋಡಲು ಹೊರಟಿದ್ದು ಪಾರ್ಕಿಂಗ್ ಜಾಗಗಳನ್ನು. ಅಕ್ಕನ ಮಗ ಅಲ್ಲೇ ಪಾಮ್ಸ್ ಎಂಬ ಬಡಾವಣೆಯಲ್ಲಿ ಬಾಡಿಗೆಗಿದ್ದಾನೆ. ವಿಷಯ ಕೇಳಿ ನಕ್ಕುಬಿಟ್ಟ. "ಅದಕ್ಕೆ ಇಷ್ಟು ದೂರ ಬಂದ್ರಾ ಚಿಕ್ಕಮ್ಮ? ಇಲ್ಲಿ ಕಣ್ಣು ಬಿಟ್ಟರೆ ಕಾಣೋದೇ ಅದು."

ಅವನ ಮಾತು ಸುಳ್ಳಲ್ಲ. 2010ರ ಹೊತ್ತಿಗೆ ಲಾಸ್ ಏಂಜಲೀಸ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಸುಮಾರು 1 ಕೋಟಿ 86 ಲಕ್ಷ ಪಾರ್ಕಿಂಗ್ ಜಾಗಗಳಿದ್ದವು ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಲ್ಲಿನ ಜನಸಂಖ್ಯೆಯೇ ಒಂದು ಕೋಟಿ ಆಸುಪಾಸು. ಕೌಂಟಿಯೊಳಗಿನ ಊರುಗಳ ನೆಲದಲ್ಲಿ ನೂರಕ್ಕೆ 14 ಪಾಲು ಕಾರು ನಿಲ್ಲಿಸೋಕೇ ಹೋಗಿದೆ. ಇದನ್ನೆಲ್ಲ ಕಾರಿನ ಮೋಹಕ್ಕೆ ಜನರೇ ಕಟ್ಟಿಸಿಕೊಂಡರು ಅಂದುಕೊಳ್ಳಬೇಡಿ. ಮನೆಯೋ ಅಂಗಡಿಯೋ, ಏನೇ ಕಟ್ಟಿದರೂ ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಅಂತ ನಗರದ ನಿಯಮವಿತ್ತು. ಚಿಕ್ಕ ಫ್ಲ್ಯಾಟಿಗೆ ಒಂದು, ಸ್ವಲ್ಪ ದೊಡ್ಡದಕ್ಕೆ ಎರಡು. ಕಾರು ತಿರುಗಿಸುವ ದಾರಿಯೂ ಸೇರಿದರೆ ಒಂದೊಂದಕ್ಕೆ 300 ಚದರಡಿಗೂ ಜಾಸ್ತಿ. ಎರಡು ಕಾರಿನ ಜಾಗದಲ್ಲಿ ಒಂದು ಪುಟ್ಟ ಸಂಸಾರ ಇರಬಹುದು.

ಬೆಳಿಗ್ಗೆ ಪಾಮ್ಸ್‌ನಿಂದ ಇ ಲೈನ್ ಮೆಟ್ರೊ ಹಿಡಿದು ನಗರದ ನಡುಭಾಗ ಡೌನ್‌ಟೌನ್‌ಗೆ ಹೊರಟೆ. ಗ್ರ್ಯಾಂಡ್ ಅವೆನ್ಯೂ ನಿಲ್ದಾಣ ನೆಲದಿಂದ ಬಹಳ ಕೆಳಗಿದೆ. ಲಿಫ್ಟ್ ಹತ್ತಿ ಮೇಲೆ ಬಂದರೆ ಹತ್ತಿರದಲ್ಲೇ ವಾಲ್ಟ್ ಡಿಸ್ನಿ ಕನ್ಸರ್ಟ್ ಹಾಲ್. ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ್ದು. ಹೊಳೆಯುವ ಸ್ಟೀಲ್ ಹಾಳೆಗಳು ಬಿಸಿಲಿಗೆ ಕಣ್ಣು ಕುಕ್ಕುತ್ತವೆ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ನಾನು ಗ್ಯಾರೇಜಿಗೆ ಇಳಿದೆ.

ಈ ಹಾಲ್‌ಗಿಂತ ಮೊದಲು ತಯಾರಾಗಿದ್ದು ಅದರ ಕೆಳಗಿನ ಗ್ಯಾರೇಜು. ಆರು ಅಂತಸ್ತು, 2,188 ಕಾರು. 1996ರಲ್ಲೇ ಅದು ತೆರೆಯಿತು. ಸಂಗೀತ ಕೇಳೋಕೆ ಜನ 2003ರವರೆಗೆ ಕಾಯಬೇಕಾಯಿತು. ಗ್ಯಾರೇಜಿಗಾಗಿ ಕೌಂಟಿ 11 ಕೋಟಿ ಡಾಲರ್ ಸಾಲ ಮಾಡಿತು. ಸಾಲ ತೀರಬೇಕಾದರೆ ಕಾರುಗಳು ಬರಬೇಕು, ಕಾರುಗಳು ಬರಬೇಕಾದರೆ ಸಂಗೀತ ಇರಬೇಕು. ಹಾಗಾಗಿ ಚಳಿಗಾಲದ ಸೀಸನ್ನಿನಲ್ಲಿ ಕನಿಷ್ಠ 128 ಸಂಗೀತ ಕಛೇರಿ ನಡೆಸಲೇಬೇಕು ಅಂತ ಒಪ್ಪಂದದಲ್ಲೇ ಬರೆಸಿಕೊಂಡರು. ಅಂದರೆ ವಯಲಿನ್ ನುಡಿಸುವವರು ಗ್ಯಾರೇಜಿನ ಸಾಲ ತೀರಿಸೋಕೂ ನುಡಿಸಬೇಕು.

ಒಳಗೆ ಇನ್ನೊಂದು ಸಂಗತಿ ಕಂಡಿತು. ಕಾರು ನಿಲ್ಲಿಸಿ ಎಸ್ಕಲೇಟರ್ ಹತ್ತಿದರೆ ಸೀದಾ ಹಾಲ್‌ನ ಲಾಬಿಗೇ ಬರುತ್ತೀರಿ. ಬೀದಿಗೆ ಕಾಲಿಡುವ ಕೆಲಸವೇ ಇಲ್ಲ. ಮುಗಿದ ಮೇಲೆ ಬಂದ ದಾರಿಯಲ್ಲೇ ಕೆಳಗಿಳಿದು ಮನೆಗೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1980ರಲ್ಲಿ ತೆರೆದ ಡೇವಿಸ್ ಸಿಂಫನಿ ಹಾಲ್‌ಗೆ ಇಂಥ ಗ್ಯಾರೇಜ್ ಕಟ್ಟಲಿಲ್ಲ. ಅಲ್ಲಿ ಕಛೇರಿ ಮುಗಿಸಿದ ಜನ ಬೀದಿಗೆ ಬರಲೇಬೇಕು. ಹೋಟೆಲ್‌ಗೂ ಪುಸ್ತಕದಂಗಡಿಗೂ ವ್ಯಾಪಾರ ಆಗೋದು ಹಾಗೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದವರು ಡೊನಾಲ್ಡ್ ಶೂಪ್. ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಪುಕ್ಕಟೆ ಪಾರ್ಕಿಂಗ್ ಅನ್ನೋದೇ ಇಲ್ಲ, ಅದರ ಖರ್ಚು ಮನೆ ಬಾಡಿಗೆಯಲ್ಲೋ ಸಾಮಾನಿನ ಬೆಲೆಯಲ್ಲೋ ಸೇರಿಕೊಂಡಿರುತ್ತೆ, ಕಾರಿಲ್ಲದವರೂ ಅದನ್ನು ಕಟ್ಟುತ್ತಾರೆ ಅಂತ ದಶಕಗಟ್ಟಲೆ ಹೇಳಿದರು.

ಈ ಹಾಲ್ ಇರುವ ಬಂಕರ್ ಹಿಲ್ ಗುಡ್ಡದಿಂದ ಇಳಿಯಲು ಏಂಜಲ್ಸ್ ಫ್ಲೈಟ್ ಎಂಬ ಪುಟಾಣಿ ರೈಲಿದೆ. 1901ರಲ್ಲಿ ಶುರುವಾದದ್ದು. ಕೂತು ಸರಿಯಾಗಿ ಆಚೀಚೆ ನೋಡುವಷ್ಟರಲ್ಲಿ ಕೆಳಗೆ. ಅಲ್ಲಿಂದ ನಡೆದು ಸ್ಪ್ರಿಂಗ್ ಸ್ಟ್ರೀಟ್.

ಒಂದು ಕಾಲಕ್ಕೆ ಈ ಬೀದಿಗೆ ಪಶ್ಚಿಮದ ವಾಲ್ ಸ್ಟ್ರೀಟ್ ಅಂತಲೇ ಹೆಸರು. ಎರಡೂ ಬದಿಗೆ ಬ್ಯಾಂಕುಗಳ ಕಲ್ಲಿನ ಕಟ್ಟಡಗಳು, ಹನ್ನೆರಡೋ ಹದಿಮೂರೋ ಅಂತಸ್ತು, ಎಲ್ಲಾ ಹೆಚ್ಚುಕಮ್ಮಿ ಒಂದೇ ಎತ್ತರ. ಆಗ 150 ಅಡಿಯ ಮಿತಿ ಇತ್ತು. ಆಮೇಲೆ ಆಫೀಸುಗಳೆಲ್ಲ ಬೇರೆ ಕಡೆ ಹೋದವು. ಮೇಲಿನ ಅಂತಸ್ತುಗಳು ಎಷ್ಟೋ ವರ್ಷ ಖಾಲಿ ಬಿದ್ದವು. ಮನೆಗಳಾಗಿ ಬದಲಾಯಿಸೋಣ ಅಂದರೆ ಪಾರ್ಕಿಂಗ್ ನಿಯಮ ಅಡ್ಡ. ಆ ನಿಯಮ ಬರುವ ಮೊದಲೇ ಕಟ್ಟಿದ ಕಟ್ಟಡದಲ್ಲಿ ನೂರು ಕಾರಿಗೆ ಜಾಗ ಎಲ್ಲಿಂದ ತರೋದು? ಪಕ್ಕದ ಕಟ್ಟಡ ಕೆಡವಿದರೆ ಮಾತ್ರ ಸಾಧ್ಯ. ಎಷ್ಟೋ ಕಡೆ ಆಗಿದ್ದೂ ಅದೇ.

1999ರಲ್ಲಿ ನಗರ ಒಂದು ಕಾನೂನು ಮಾಡಿತು. ಡೌನ್‌ಟೌನ್‌ನ ಹಳೇ ಕಟ್ಟಡಗಳನ್ನು ಮನೆಗಳಾಗಿ ಬದಲಾಯಿಸುವವರು ಈಗಿರುವ ಪಾರ್ಕಿಂಗ್ ಉಳಿಸಿಕೊಂಡರೆ ಸಾಕು, ಹೊಸದಾಗಿ ಕೊಡಬೇಕಿಲ್ಲ. ಬೆಂಕಿ, ಭೂಕಂಪದ ಸುರಕ್ಷತೆಯ ಲೆಕ್ಕಾಚಾರದಲ್ಲೂ ಹಳೇ ಕಟ್ಟಡಗಳಿಗೆ ಹೊಂದುವ ದಾರಿ ಕೊಟ್ಟರು. ಹತ್ತು ವರ್ಷದೊಳಗೆ ಸಾವಿರಾರು ಮನೆಗಳು ಎದ್ದವು. ಬಿಲ್ಡರುಗಳು ಪಾರ್ಕಿಂಗ್ ಪೂರ್ತಿ ಕೈಬಿಟ್ಟರಾ ಅಂದರೆ ಅದೂ ಇಲ್ಲ. ಹತ್ತಿರದ ಗ್ಯಾರೇಜುಗಳಲ್ಲಿ ಬಾಡಿಗೆಗೆ ಜಾಗ ಹಿಡಿದರು. ಎಷ್ಟು ಬೇಕು, ಎಲ್ಲಿ ಬೇಕು ಅನ್ನೋದನ್ನು ತಾವೇ ತೀರ್ಮಾನ ಮಾಡಿದರು, ಅಷ್ಟೇ. ನನಗೆ ಈ ಸುಧಾರಣೆಯಲ್ಲಿ ಹಿಡಿಸೋದೇ ಇದು. ಕಾರಿಗೆ ನಿಷೇಧ ಇಲ್ಲ, ಕಡ್ಡಾಯ ಮಾತ್ರ ಹೋಯಿತು.

ನಾಲ್ಕನೇ ಬೀದಿಯ ಮೂಲೆಯಲ್ಲಿ ನಿಂತು ನೋಡಿದೆ. ಹಳೇ ಬ್ಯಾಂಕಿನ ಮುಂಬಾಗಿಲಿಂದ ಒಬ್ಬಳು ನಾಯಿ ಹಿಡಿದು ಹೊರಗೆ ಬಂದಳು. ಮೇಲೆ ಕಿಟಕಿಯಲ್ಲಿ ಗಿಡದ ಕುಂಡಗಳು. ಎಲ್ಲಾ ಚೆನ್ನಾಗಿದೆ ಅಂತ ಹೇಳಲಾರೆ. ಎರಡು ಬೀದಿ ಪೂರ್ವಕ್ಕೆ ನಡೆದರೆ ಫುಟ್‌ಪಾತ್ ಮೇಲೆ ಟೆಂಟುಗಳು, ಮನೆಯಿಲ್ಲದ ಜನ. ಹಳೇ ಕಟ್ಟಡಗಳಲ್ಲಿ ಮಾಡಿದ ಈ ಮನೆಗಳ ಬಾಡಿಗೆ ಅವರ ಕೈಗೆ ಎಟಕುವಂಥದ್ದಲ್ಲ. ಪಾರ್ಕಿಂಗ್ ನಿಯಮ ತೆಗೆದರೆ ಮನೆ ಕಟ್ಟುವ ಖರ್ಚು ತಗ್ಗುತ್ತೆ, ಅದೊಂದರಿಂದಲೇ ಬಡವರಿಗೆ ಮನೆ ಸಿಗಲ್ಲ.

ಸಂಜೆ ಪಾಮ್ಸ್‌ಗೆ ವಾಪಸ್ಸು. ಅಕ್ಕನ ಮಗ ಇರುವ ಕಟ್ಟಡವನ್ನು ಆಗ ಸರಿಯಾಗಿ ನೋಡಿದೆ. ಎರಡು ಅಂತಸ್ತಿನ ಗಾರೆಯ ಡಬ್ಬ. ಮುಂದುಗಡೆ ತೆಳ್ಳನೆ ಕಂಬಗಳ ಮೇಲೆ ಮನೆಗಳು ನಿಂತಿವೆ, ಕೆಳಗೆ ಸಾಲಾಗಿ ಕಾರುಗಳು. ಗೋಡೆ ಮೇಲೊಂದು ನಕ್ಷತ್ರದಂಥ ಅಲಂಕಾರದ ದೀಪ.

"ಇದಕ್ಕೆ ಡಿಂಗ್‌ಬ್ಯಾಟ್ ಅಂತಾರೆ ಚಿಕ್ಕಮ್ಮ. ಈ ರಸ್ತೆ ಪೂರ್ತಿ ಇವೇ."

1950, 60ರ ದಶಕದಲ್ಲಿ ಇಂಥವು ಸಾವಿರಗಟ್ಟಲೆ ಬಂದವು. ಮನೆಗೊಂದು ಕಾರಿನ ಜಾಗ ಬೇಕು ಅಂದಾಗ, ಚಿಕ್ಕ ಸೈಟಿನಲ್ಲಿ ಅಗ್ಗಕ್ಕೆ ಮಾಡಬಹುದಾಗಿದ್ದು ಇದೊಂದೇ: ಕೆಳಗೆ ಕಾರು, ಮೇಲೆ ಜನ. ರಸ್ತೆಯಿಂದ ಸೀದಾ ಕಾರು ಒಳಗೆ ಹೋಗಬೇಕಲ್ಲ, ಅದಕ್ಕೆ ಕಟ್ಟಡದ ಮುಂದೆ ಫುಟ್‌ಪಾತಿನ ಅಂಚನ್ನು ಉದ್ದಕ್ಕೂ ಇಳಿಜಾರು ಮಾಡಿದ್ದಾರೆ. ಹಾಗಾಗಿ ಅಲ್ಲಿ ರಸ್ತೆ ಬದಿ ಯಾರೂ ಕಾರು ನಿಲ್ಲಿಸುವ ಹಾಗಿಲ್ಲ. ಒಳಗೊಂದು ಜಾಗ ಮಾಡಿ ಹೊರಗೊಂದು ಕಳೆದ ಲೆಕ್ಕ. ನಡೆಯುವವರು ಮಾತ್ರ ರಿವರ್ಸ್ ಬರುವ ಕಾರುಗಳನ್ನು ನೋಡಿಕೊಂಡೇ ಹೋಗಬೇಕು. ಆಮೇಲೆ ನಿಯಮ ಇನ್ನೂ ಬಿಗಿಯಾಯಿತು. ಅಷ್ಟು ಕಾರು ಕಂಬಗಳ ನಡುವೆ ಹಿಡಿಸದೆ ನೆಲಮಾಳಿಗೆ ತೋಡುವ ಪರಿಸ್ಥಿತಿ ಬಂತು. ಇಂಥ ಅಗ್ಗದ ಮನೆಗಳ ಕಾಲ ಮುಗಿಯಿತು.

ಕಂಬದ ಪಕ್ಕ ದಪ್ಪನೆಯ ಹೊಸ ಸ್ಟೀಲ್ ಚೌಕಟ್ಟು ಕಂಡು ಇದೇನು ಅಂದೆ. ಭೂಕಂಪಕ್ಕಂತೆ. 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಕೆಳಗೆ ಪಾರ್ಕಿಂಗ್ ಇದ್ದ ಒಂದು ವಸತಿ ಸಮುಚ್ಚಯ ಕುಸಿದು 16 ಜನ ಸತ್ತರು. ಕೆಳಗೆ ಗೋಡೆಯಿಲ್ಲದ ಕಟ್ಟಡ ಅಡ್ಡಡ್ಡ ಅಲುಗಿದರೆ ತಡೆಯಲ್ಲ. 2015ರಲ್ಲಿ ನಗರ ಇಂಥ 13,000ಕ್ಕೂ ಹೆಚ್ಚು ಕಟ್ಟಡಗಳನ್ನು ಬಲಪಡಿಸಬೇಕು ಅಂತ ಆದೇಶ ಮಾಡಿತು. ಕಾರಿಗೆ ಬಿಟ್ಟ ಜಾಗದ ಬಿಲ್ ಅರ್ಧ ಶತಮಾನ ಕಳೆದ ಮೇಲೂ ಬರ್ತಾ ಇದೆ.

ಈಗ ಪಾಮ್ಸ್‌ನಂಥ ಕಡೆ ಕಡ್ಡಾಯವೇ ಇಲ್ಲ. ಎಬಿ 2097 ಎಂಬ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು 2023ರ ಜನವರಿ 1ರಿಂದ ಜಾರಿಯಲ್ಲಿದೆ. ಮುಖ್ಯ ಸಾರಿಗೆ ನಿಲ್ದಾಣದಿಂದ ಅರ್ಧ ಮೈಲಿಯೊಳಗೆ ಕಟ್ಟಿದರೆ ಇಷ್ಟು ಪಾರ್ಕಿಂಗ್ ಕೊಡಲೇಬೇಕು ಅಂತ ಯಾವ ನಗರವೂ ಕೇಳುವಂತಿಲ್ಲ, ಕೆಲವು ವಿನಾಯಿತಿ ಬಿಟ್ಟರೆ. ಇನ್ನೊಂದು ಕಾನೂನಿನ ಪ್ರಕಾರ, 2025ರಿಂದ ಈ ಕೌಂಟಿಯಲ್ಲಿ ಬರುವ 16 ಅಥವಾ ಹೆಚ್ಚು ಮನೆಗಳ ಹೊಸ ಬಾಡಿಗೆ ಕಟ್ಟಡಗಳು ಪಾರ್ಕಿಂಗ್ ಬಾಡಿಗೆಯನ್ನು ಮನೆ ಬಾಡಿಗೆಯಿಂದ ಬೇರೆ ಮಾಡಬೇಕು. ಕಾರಿಲ್ಲದವರು ಅದನ್ನು ಕಟ್ಟಬೇಕಿಲ್ಲ.

"ಎಲ್ಲಾ ಸರಿ ಚಿಕ್ಕಮ್ಮ. ಪಾರ್ಕಿಂಗ್ ಇಲ್ಲದ ಹೊಸ ಕಟ್ಟಡದವರು ಕಾರು ತಂದು ನಮ್ಮ ರಸ್ತೇಲಿ ನಿಲ್ಲಿಸಿದ್ರೆ?" ಅಂದ ಹುಡುಗ. ನ್ಯಾಯವಾದ ಪ್ರಶ್ನೆ. ಸಭೆಗಳಲ್ಲಿ ಹೊಸ ಮನೆಗಳನ್ನು ವಿರೋಧಿಸುವವರು ಮೊದಲು ಕೇಳೋದೇ ಇದು. ಉತ್ತರ ತೋರಿಸ್ತೀನಿ, ಹತ್ತಿರದ ಪ್ಯಾಸಡೀನಾ ಊರಿಗೆ ಬಾ ಅಂದೆ.

ನಾನು ಮೆಟ್ರೊದ ಎ ಲೈನ್ ಹಿಡಿದು ಮೆಮೋರಿಯಲ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆ. ಅವನು ಆಫೀಸ್ ಮುಗಿಸಿ ಕಾರಲ್ಲಿ ಬಂದ. ಹಳೇ ಪ್ಯಾಸಡೀನಾ 1970ರ ದಶಕದಲ್ಲಿ ಹಾಳುಬಿದ್ದ ಪೇಟೆ. ರಸ್ತೆ ಬದಿ ಪಾರ್ಕಿಂಗ್ ಪುಕ್ಕಟೆ, ಆದರೆ ಗಿರಾಕಿಗೆ ಜಾಗ ಸಿಗ್ತಾ ಇರಲಿಲ್ಲ. ಅಂಗಡಿ ಕೆಲಸದವರೇ ಬೆಳಿಗ್ಗೆ ಬಂದು ಹಿಡಿದುಬಿಡ್ತಿದ್ದರು. ಕಾರು ನಿಲ್ಲಿಸಿದ ಹೊತ್ತಿಗೆ ದುಡ್ಡು ಪಡೆಯುವ ಮೀಟರ್ ಹಾಕೋಣ ಅಂದಾಗ ಅಂಗಡಿಯವರು ಒಪ್ಪಲಿಲ್ಲ, ಗಿರಾಕಿ ಓಡಿಹೋಗ್ತಾರೆ ಅಂದರು. ಮೀಟರ್ ಆದಾಯವೆಲ್ಲ ಇದೇ ಪೇಟೆಗೆ ಖರ್ಚು ಮಾಡ್ತೀವಿ ಅಂತ ನಗರ ಮಾತು ಕೊಟ್ಟ ಮೇಲೆ ಅವರೇ ತಿರುಗಿ, ಹಾಗಾದ್ರೆ ಸಂಜೆಗೂ ಭಾನುವಾರಕ್ಕೂ ಇರಲಿ ಅಂದರು. 1993ರಲ್ಲಿ ಮೀಟರ್ ಬಂತು, ಗಂಟೆಗೆ ಒಂದು ಡಾಲರ್. ಆ ಆದಾಯದ ಭರವಸೆ ಮೇಲೆ ನಗರ 50 ಲಕ್ಷ ಡಾಲರ್ ಸಾಲ ಎತ್ತಿ ಮರ, ದೀಪ, ಬೆಂಚು ಹಾಕಿಸಿತು, ಹಿತ್ತಲ ಗಲ್ಲಿಗಳನ್ನು ನಡೆದಾಡುವ ಹಾಗೆ ಮಾಡಿತು.

ಕೊಲರಾಡೊ ಬುಲೆವಾರ್ಡ್‌ನಲ್ಲಿ ಮರದ ನೆರಳಿಗೆ ಒಂದು ಬೆಂಚು ಸಿಕ್ಕಿತು. ಅವನು ಮೀಟರಿಗೆ ಕಾರ್ಡ್ ತೋರಿಸಿ ಬಂದು ಪಕ್ಕದಲ್ಲಿ ಕೂತ.

"ನೋಡಪ್ಪಾ, ನಿಮ್ಮ ರಸ್ತೇಲೂ ಹೀಗೆ ಮೀಟರ್ ಹಾಕಿ, ದುಡ್ಡು ನಿಮ್ಮ ರಸ್ತೆಗೇ ಖರ್ಚು ಮಾಡಿದ್ರೆ, ಹೊಸ ಕಟ್ಟಡದವರು ಬಂದ್ರೆ ನಿಮಗೇ ಲಾಭ ಅಲ್ವಾ?"

"ನಾವೂ ಕಟ್ಟಬೇಕಾಗುತ್ತಲ್ಲ!"

"ಅಲ್ಲಿ ಮೊದಲಿಂದ ಇರೋರಿಗೆ ಕಡಿಮೆ ದರದ ಪರ್ಮಿಟ್ ಕೊಡಬಹುದು. ಸುಮ್ನೆ ಬೇಡ ಅನ್ನೋದಕ್ಕಿಂತ ಅದು ವಾಸಿ. ಸದ್ಯಕ್ಕಂತೂ ದುಡ್ಡು ಕಟ್ಟಿದ್ದು ನೀನು, ಬೆಂಚಿನ ಮೇಲೆ ಆರಾಮಾಗಿ ಕೂತಿರೋದು ನಾನು."

ಅವನು ಗಡಿಯಾರ ನೋಡಿಕೊಂಡ. "ಹಾಗಾದ್ರೆ ಏಳಿ ಚಿಕ್ಕಮ್ಮ, ಊಟ ಬೇಗ ಮುಗಿಸೋಣ. ನಾನು ಕಟ್ಟಿರೋದು ಒಂದೇ ಗಂಟೆಗೆ."