ಹೌದು, ಬಕೆಟ್ಟಿನಲ್ಲಿಯೇ

ಪ್ರತಿ ಭಾದ್ರಪದದಲ್ಲಿಯೂ ಪುಣೆಯ ನಮ್ಮ ಮನೆಗೆ ಬರುವವರು ಕೇಳುವುದು ಇಷ್ಟೇ: ಗಣಪತಿಯನ್ನು ಬಕೆಟ್ಟಿನಲ್ಲಿ ವಿಸರ್ಜಿಸಿದರೆ ಶಾಸ್ತ್ರಕ್ಕೆ ಒಪ್ಪುತ್ತದೆಯೇ? ಒಪ್ಪುತ್ತದೆ. ಪ್ರಸಾದ ತೆಗೆದುಕೊಂಡು ಹೊರಡಬಹುದು. ಹೊರಡದವರಿಗಾಗಿ ಮುಂದಿನದನ್ನು ಬರೆಯುತ್ತಿದ್ದೇನೆ.

ವಿಸರ್ಜನೆಗೆ ಮುಂಚೆ ಮಾಡುವ ಉತ್ತರಪೂಜೆಯಲ್ಲಿ ಅಕ್ಷತೆ ಹಾಕಿ ಮೂರ್ತಿಯನ್ನು ತುಸು ಅಲುಗಿಸಿದಾಗಲೇ ಆವಾಹಿಸಿದ ದೇವರನ್ನು ಬೀಳ್ಕೊಟ್ಟಂತಾಯಿತು. ಉಳಿಯುವುದು ಮಣ್ಣು, ಅದು ನೀರಿನಲ್ಲಿ ಕರಗಬೇಕು. ಧಾರವಾಡದ ನಮ್ಮ ತವರಿನಲ್ಲಿ ಹಿತ್ತಿಲ ಬಾವಿಗೆ ಬಿಡುತ್ತಿದ್ದರು, ಹೊಳೆ ಎಲ್ಲಿ ಎಂದು ಯಾರೂ ಕೇಳಿದ್ದಿಲ್ಲ.

ಆದರೂ ಒಮ್ಮೆ ಅದೇ ಧಾರವಾಡದಿಂದ ಬಂದಿದ್ದ ಕಾಕಾ, ಆರತಿ ಇನ್ನೂ ಆರಿರಲಿಲ್ಲ, ಕೇಳಿಯೇ ಬಿಟ್ಟರು: "ಏನವಾ, ಗಣಪ್ಪನ್ನ ಬಕೀಟನ್ಯಾಗ ಮುಳುಗಸ್ತಿ? ಅವಗ ಅವಮಾನ ಅಲ್ಲೇನು?" ಅಂದು ಬೆಳಿಗ್ಗೆ ಅದೇ ಬಚ್ಚಲಿನಲ್ಲಿ, ಅದೇ ಬಕೆಟ್ಟಿನ ನೀರಿಗೆ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿಯರನ್ನು ಗಟ್ಟಿಯಾಗಿ ಶ್ಲೋಕ ಹೇಳಿ ಕರೆದು ಸ್ನಾನ ಮಾಡಿದವರು ಅವರೇ. ಏಳು ನದಿಗಳು ಹಿಡಿಸಿದ ಬಕೆಟ್ಟಿನಲ್ಲಿ ಒಂದು ಗೇಣಿನ ಗಣಪತಿಗೆ ಜಾಗವಿಲ್ಲವೇ?

ಅವರ ಮಗನ ಮನೆಯ ಮೂರ್ತಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಅದು ನೀರು ಕೂಡಿದರೆ ಜಿಪ್ಸಮ್ ಆಗಿ ಗಟ್ಟಿಯಾಗುತ್ತದೆಯೇ ಹೊರತು ಮಣ್ಣಿನಂತೆ ಕರಗುವುದಿಲ್ಲ. ವಿಸರ್ಜನೆಯ ಮರುದಿನ ಮುಠಾ ನದಿಯ ದಡದಲ್ಲಿ ಸೊಂಡಿಲು ಮುರಿದು, ಬಣ್ಣ ಎದ್ದು, ಮಗ್ಗುಲಾಗಿ ಬಿದ್ದ ಮೂರ್ತಿಗಳನ್ನು ಕಂಡವರು ಅವಮಾನದ ಮಾತೆತ್ತಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿಯೇ ಇಂಥ ಮೂರ್ತಿ ಬೇಡವೆಂದಿದೆ. ಕೊಂಡುಬಿಟ್ಟಿದ್ದರೆ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ತೋರಿಸಿಕೊಟ್ಟಂತೆ ಅಮೋನಿಯಂ ಬೈಕಾರ್ಬೋನೇಟ್ ಬೆರೆಸಿದ ನೀರಿನಲ್ಲಿ ಇಡಬಹುದು. ತಳದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಕೂರುತ್ತದೆ, ಮೇಲಿನ ನೀರಿನಲ್ಲಿ ಗೊಬ್ಬರವಾಗುವ ಅಮೋನಿಯಂ ಸಲ್ಫೇಟ್ ಉಳಿಯುತ್ತದೆ. ಅದೂ ಬಕೆಟ್ಟಿನಲ್ಲಿಯೇ ಆಗುವ ಕೆಲಸ ಎಂಬುದನ್ನು ಗಮನಿಸಬೇಕು. ಅಂಗಡಿಯಲ್ಲಿ ಪ್ಲಾಸ್ಟರ್ ಮೂರ್ತಿಗೆ ಚೌಕಾಸಿ ಮಾಡುವಾಗ ನೆನಪಾಗದ ಶಾಸ್ತ್ರ ನನ್ನ ಬಚ್ಚಲಿನ ಬಾಗಿಲಲ್ಲಿ ಮಾತ್ರ ಏಕೆ ನೆನಪಾಗುತ್ತದೆ?

"ಕಾರ್ಖಾನೆಗಳನ್ನು ಬಿಟ್ಟು ನಮ್ಮ ಹಬ್ಬವೇ ಕಣ್ಣಿಗೆ ಬೀಳುತ್ತದೆಯೇ?" ಎನ್ನುವವರ ಸಿಟ್ಟಿನಲ್ಲಿ ಸತ್ಯವಿದೆ. ಪುಣೆಯ ಬಳಿಯ ಆಳಂದಿಯಲ್ಲಿ ಇಂದ್ರಾಯಣಿ ನದಿಯ ಮೇಲೆ ತೇಲುವ ಬಿಳಿ ನೊರೆಗೆ ಗಣಪತಿ ಕಾರಣನಲ್ಲ; ಶುದ್ಧೀಕರಿಸದೆ ಬಿಟ್ಟ ಊರಿನ ಕೊಳಚೆ ಮತ್ತು ಕಾರ್ಖಾನೆಗಳ ನೀರು ಕಾರಣ. ಗಿಡಬಳ್ಳಿಗಳನ್ನು ಬಂಧುಗಳೆಂದ ಸಂತ ತುಕಾರಾಮರ ಊರು ದೇಹೂ ಇದೇ ನದಿಯ ದಡದಲ್ಲಿದೆ, ಪಂಢರಪುರದ ವಿಠಲನ ಭಕ್ತರಾದ ವಾರಕರಿಗಳು ಈ ನೀರನ್ನೇ ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾರೆ.

ಹಾಗಾಗಿ, ಕೇಳಲೇಬೇಕೆಂದಿದ್ದರೆ, ಶ್ಲೋಕ ಹೇಳಿ ಮೈಮೇಲೆ ಸುರಿದುಕೊಂಡ ಆ ಏಳು ನದಿಗಳು ಬಚ್ಚಲಿನಿಂದ ಎಲ್ಲಿಗೆ ಹೋಗುತ್ತವೆ ಎಂದು ಕೇಳಿ. ನಮ್ಮ ಸೊಸೈಟಿಯ ಸಭೆಯಲ್ಲಿ ನಾನು ಇದನ್ನು ಕೇಳಿದ್ದೇನೆ. ಕೊಳಚೆ ನೀರು ಶುದ್ಧೀಕರಿಸುವ ಘಟಕವನ್ನು ರಾತ್ರಿಯಿಡೀ ನಿಲ್ಲಿಸುವುದೇಕೆ ಎಂದರೆ ಖಜಾಂಚಿಗಳು ಕರೆಂಟು ಬಿಲ್ಲು ತೋರಿಸಿದರು. ಹತ್ತು ದಿನವೂ ಆರತಿಯಲ್ಲಿ ಎಲ್ಲರಿಗಿಂತ ಎತ್ತರದ ದನಿ ಅವರದೇ, ಮತ್ತು ನನ್ನ ಬಕೆಟ್ಟಿನ ಬಗ್ಗೆ ಅವರಿಗೂ ಆಕ್ಷೇಪವಿದೆ.